ಅತ್ತೆಗೆ ಕೆಂಪು, ಆಯಿಗೆ ಹಸಿರು

ನನ್ನ ಸೋದರಮಾವನ ಧ್ವನಿ ಮಾಡುವುದು ಸುಲಭ. ಚಳಿಯಲ್ಲಿ ಹಳೆಯ ಟಂಟಂ ರಿಕ್ಷಾ ಚಾಲೂ ಮಾಡಿದ ಹಾಗೆ ಮೊದಲು ಎರಡು ಕೆಮ್ಮು, ಆಮೇಲೆ ಗಂಟಲಲ್ಲಿ ಗುರ್ರೆನ್ನುವ ಒಂದು ಸದ್ದು, ಗಾಡಿ ಹೊರಟಿತು ಎಂದು ಖಾತ್ರಿಯಾದ ಮೇಲೆ ಮಾತು. ಅತ್ತೆಯ ಧ್ವನಿ ಕಷ್ಟ. ಅದರಲ್ಲಿ ಏರಿಳಿತವೇ ಇಲ್ಲ. ಮನೆಗೆ ಹಾವು ಬಂದರೂ, ಜೋಳಕ್ಕೆ ಹುಳ ಬಿದ್ದರೂ ಅದೇ ಸಪಾಟು ದನಿ. ಮಾತು ಮುಗಿದ ಮೇಲೆ ಒಂದು ಗಳಿಗೆ ಸುಮ್ಮನಿರುತ್ತಾಳೆ ನೋಡಿ, ಬೈಗುಳವೆಲ್ಲ ಆ ಸುಮ್ಮನಿರುವುದರಲ್ಲೇ ಇರುತ್ತದೆ. ಅದನ್ನು ಕಲಿಯುವುದಕ್ಕೆ ನನಗೆ ಬಹಳ ಕಾಲ ಹಿಡಿಯಿತು.

ನಾನು ವಿಜಯಪುರದ ಜೋರಾಪುರ ಪೇಟೆಯಲ್ಲಿ ಮೊಬೈಲ್ ಕವರು, ಚಾರ್ಜರು ಮಾರುವ ಅಂಗಡಿಯಲ್ಲಿ ಕೂಡುತ್ತೇನೆ. ಮಾರಾಟ ಕಡಿಮೆ, ಬಂದ ಗಿರಾಕಿಗಳ ಧ್ವನಿ ಕದಿಯುವುದು ಜಾಸ್ತಿ. ಬೀಗರ ಊಟದಲ್ಲಿ, ಗಣಪತಿ ಪೆಂಡಾಲಿನಲ್ಲಿ ನನ್ನನ್ನು ನಿಲ್ಲಿಸಿ 'ಆ ಕಂಡಕ್ಟರಂದ ಮಾಡಲೇ, ಆ ಮಾಸ್ತರಂದ ಮಾಡಲೇ' ಎನ್ನುತ್ತಾರೆ. ಮಾಡುತ್ತೇನೆ. ನಗುತ್ತಾರೆ. ಆಮೇಲೆ ನಾನು ನನ್ನ ಧ್ವನಿಯಲ್ಲಿ 'ಸ್ವಲ್ಪ ನೀರ ಕೊಡ್ರಿ' ಎಂದರೆ ಯಾರೂ ತಿರುಗಿಯೂ ನೋಡುವುದಿಲ್ಲ. ಕಂಡಕ್ಟರನ ಧ್ವನಿಯಲ್ಲಿ ಕೇಳಿದರೆ ನೀರು ಬರುತ್ತದೆ.

ಮಾವನದು ಬಬಲೇಶ್ವರದಲ್ಲಿ ಬೀಜ, ಗೊಬ್ಬರ, ಎಣ್ಣೆಯ ಅಂಗಡಿ. ಎಣ್ಣೆ ಎಂದರೆ ಒಗ್ಗರಣೆಯದಲ್ಲ. ಬೆಳೆಗೆ ಹೊಡೆಯುವ ಔಷಧಕ್ಕೆ ನಮ್ಮ ಕಡೆ ಎಣ್ಣೆ ಅಂತಲೇ ಹೆಸರು. ಅಂಗಡಿಯ ಹಿಂದೆಯೇ ಮನೆ. ಮಾವ, ಅತ್ತೆ, ಮಾವನ ತಾಯಿ ಅಂದರೆ ನನ್ನ ಆಯಿ, ಮೂವರೇ ಇರುವುದು. ಈ ಎಣ್ಣೆಯ ಪ್ರತಿ ಡಬ್ಬಿಯ ಮೇಲೂ ಬಣ್ಣದ ಒಂದು ತ್ರಿಕೋನ ಇರುತ್ತದೆ. ಕೆಂಪಿದ್ದರೆ ಭಾರೀ ವಿಷ, ಕೀಲಿ ಹಾಕಿದ ಕಪಾಟಿನಲ್ಲಿ ಇಡಬೇಕು. ಹಳದಿ ಅದಕ್ಕಿಂತ ಕಡಿಮೆ, ನೀಲಿ ಇನ್ನೂ ಕಡಿಮೆ, ಹಸಿರು ಎಲ್ಲಕ್ಕಿಂತ ಸೌಮ್ಯ. ಅಕ್ಷರ ಬಾರದ ರೈತನಿಗೂ ಇದು ಗೊತ್ತು. ಮಾವನ ಮನೆಯಲ್ಲಂತೂ ಮನುಷ್ಯರನ್ನೂ ಹೀಗೇ ಅಳೆಯುತ್ತಾರೆ. ಎದುರು ಮನೆಯ ರಿಟೈರ್ಡ್ ಹವಾಲ್ದಾರ ಹಳದಿ. ಆತನ ಹೆಂಡತಿ ಕೆಂಪು. ನನ್ನ ಬಗ್ಗೆ ಅತ್ತೆ, 'ಇಂವ ಹಸರು ಬಿಡು, ಪೂರಾ ಡಬ್ಬಿ ಸುರುವಿದ್ರೂ ಒಂದ ಹುಳಾ ಸಾಯಂಗಿಲ್ಲ' ಎನ್ನುತ್ತಾಳೆ.

ಮಾರಾಟದ ಗುರಿ ಮುಟ್ಟಿಸಿದ ಅಂಗಡಿಯವರನ್ನು ಔಷಧ ಕಂಪನಿಯವರು ಆಗಾಗ ಥೈಲ್ಯಾಂಡಿಗೆ ಕರೆದುಕೊಂಡು ಹೋಗುವುದುಂಟು. ಈ ಸಲ ಮಾವನ ಪಾಳಿ ಬಂತು. ಖಡಕ್ ರೊಟ್ಟಿ, ಶೇಂಗಾ ಚಟ್ನಿಯ ಗಂಟು ಕಟ್ಟಿಕೊಂಡು, ಕಂಪನಿಯ ಟೋಪಿ ಹಾಕಿಕೊಂಡು ಹೋದರು. ಅಲ್ಲಿ ಹೂವಿನ ಚಿತ್ರದ ಅರ್ಧ ಚಡ್ಡಿಯಲ್ಲಿ ಆನೆಯ ಪಕ್ಕ ನಿಂತು ಫೋಟೋ ತೆಗೆಸಿಕೊಂಡು ಸ್ಟೇಟಸ್ ಇಟ್ಟರು. ಜೀವಮಾನವಿಡೀ ಧೋತರದಲ್ಲೇ ಇದ್ದ ಆ ಕಾಲುಗಳನ್ನು ಬಬಲೇಶ್ವರ ಮೊದಲ ಸಲ ನೋಡಿತು. ಅತ್ತೆ ಆ ಫೋಟೋ ನೋಡಿ ನಕ್ಕಳು, ನನಗೂ ಕಳಿಸಿ, 'ಇದರಾಗ ನಿಮ್ಮ ಮಾಮಾ ಯಾರು ಹೇಳು' ಎಂದಳು. ಅಂದರೆ ಆಗ ಎಲ್ಲವೂ ಚೆನ್ನಾಗಿಯೇ ಇತ್ತು.

ಕೆಟ್ಟಿದ್ದು ಮಾವ ತಿರುಗಿ ಬಂದ ಭಾನುವಾರ. ನಾನೂ ಅಲ್ಲೇ ಇದ್ದೆ. ಮಾವ ಪಡಸಾಲೆಯಲ್ಲಿ ಚೀಲ ಬಿಚ್ಚಿ ನನಗೊಂದು ಉಗುರು ಕತ್ತರಿ ಕೊಟ್ಟರು. ಎದುರು ಮನೆಯ ಹವಾಲ್ದಾರರಿಗೆಂದು ಮುಲಾಮಿನ ಡಬ್ಬಿ ಎತ್ತಿಟ್ಟರು. ಆಮೇಲೆ ಬಹಳ ಜೋಪಾನವಾಗಿ ಮೂರು ಪೊಟ್ಟಣ ತೆಗೆದರು. ಒಂದೊಂದರ ಮೇಲೂ ಒಂದೊಂದು ಗುಂಡನೆಯ ಚೀಟಿ: ಒಂದು ಕೆಂಪು, ಒಂದು ಹಸಿರು, ಒಂದು ಬಿಳಿ.

"ಇದು ಅಲ್ಲಿ ಮಂದಿ ತಿನ್ನೋ ಎಲಿ ಪುಡಿ. ಕ್ರಾಟಂ ಅಂತಾರ. ಎಲಿ ನಮ್ಮ ಪೇರಲ ಎಲಿಯಂಗ ಇರತೈತಿ," ಎಂದು ಹಸಿರು ಚೀಟಿಯದನ್ನು ಆಯಿಯ ಕೈಗಿಟ್ಟರು. "ಅವ್ವಾ, ಇದು ನಿನಗ. ಮೊಳಕಾಲಿಗೆ."

ಬಿಳಿಯದನ್ನು ತಮ್ಮ ಅಂಗಿಯ ಕಿಸೆಗೆ ಹಾಕಿಕೊಂಡರು. ಕೆಂಪು ಚೀಟಿಯದನ್ನು ಅತ್ತೆಯ ಕಡೆ ಚಾಚಿ, "ಇದು ನಿಂದು," ಎಂದರು. ಮುಖದ ತುಂಬ ಪ್ರೀತಿ.

ಅತ್ತೆ ಪೊಟ್ಟಣ ನೋಡಿದಳು. ಆಯಿಯ ಕೈಯಲ್ಲಿದ್ದ ಪೊಟ್ಟಣ ನೋಡಿದಳು. ಮತ್ತೆ ತನ್ನದು ನೋಡಿದಳು.

"ನಿಮ್ಮವ್ವಗ ಹಸರು," ಎಂದಳು. "ನನಗ ಕೆಂಪು."

ಆಮೇಲೆ ಸುಮ್ಮನಾದಳು. ಎಂದಿನ ಒಂದು ಗಳಿಗೆಯ ಸುಮ್ಮನಿರುವಿಕೆ ಎಂದುಕೊಂಡು ನಾವು ಕಾದೆವು. ಅದು ಮುಗಿಯಲೇ ಇಲ್ಲ. ಮರುದಿನ ಬೆಳಿಗ್ಗೆ, 'ತವರಾಗ ಒಣದ್ರಾಕ್ಷಿ ಹಂಗಾಮ ಐತಿ' ಎಂದು ಆಯಿಗೆ ಹೇಳಿ, ಕೆಂಪು ಪೊಟ್ಟಣವನ್ನು ಸಾಕ್ಷಿಯ ಹಾಗೆ ಚೀಲದ ತಳಕ್ಕಿಟ್ಟುಕೊಂಡು ತಿಕೋಟಾಕ್ಕೆ ಹೋಗಿಬಿಟ್ಟಳು. ಮಾವನಿಗೆ ಒಂದು ಮಾತೂ ಆಡಲಿಲ್ಲ.

ಮಾವ ಫೋನು ಮಾಡಿದರೆ ಎತ್ತಲಿಲ್ಲ. ವಾಟ್ಸಾಪಿನಲ್ಲಿ ಧ್ವನಿ ಕಳಿಸಿದರೆ ಕೇಳಲಿಲ್ಲ. ವಾರ ಕಳೆಯುವುದರೊಳಗೆ ಮಾವ ನನ್ನ ಅಂಗಡಿಗೇ ಬಂದು, ಚಾರ್ಜರುಗಳ ನಡುವೆ ನಿಂತು ಎರಡು ಸಲ ಕೆಮ್ಮಿದರು.

"ಲೇ, ನನ್ನ ಧ್ವನಿ ಮಾಡತೀಯಲ್ಲ ನೀ."

"ಯಾರ್ ಹೇಳಿದ್ರು ಮಾಮಾ? ಸುಳ್ಳದು."

"ಊರ ಮಂದಿ ಎಲ್ಲ ಕೇಳ್ಯಾರ. ಇರ್ಲಿ. ತಿಕೋಟಾಕ್ಕ ಹೋಗಿ ನಿಮ್ಮತ್ತಿ ಮುಂದ ನಿಂತು, ನನ್ನ ಧ್ವನಿಯಾಗ, 'ಏನಾತು, ಮನಿಗೆ ಬಾ' ಅಂತ ಅನ್ನು."

"ನೀವ ಹೋಗಿ ಅನ್ರಲ್ಲ."

"ನಾ ಅಂದ್ರ ಎದ್ದ ಹೋಗತಾಳ. ನೀ ಅಂದ್ರ ನಗತಾಳ. ನಗಾಕಾದ್ರೂ ಪೂರಾ ಕೇಳಬೇಕಲ್ಲ."

ಮಾವನ ತಲೆ ಓಡುವುದಿಲ್ಲ ಎನ್ನುವವರು ಈ ಮಾತನ್ನು ಗಮನಿಸಬೇಕು.

ಹೀಗೆ ನಾನು ಗಂಡ ಹೆಂಡಿರ ನಡುವಿನ ಟಪಾಲಾದೆ. ತಿಕೋಟಾದಲ್ಲಿ ಅತ್ತೆಯ ಅಣ್ಣನದು ಒಣದ್ರಾಕ್ಷಿ ಮಾಡುವ ಶೆಡ್ಡು ಇದೆ. ನಾಲ್ಕೂ ಕಡೆ ತೆರೆದದ್ದು, ಮೇಲೆ ತಗಡು, ಒಳಗೆ ಒಂದರ ಮೇಲೊಂದು ಕಟ್ಟಿದ ಬಲೆ, ಬಲೆಯ ಮೇಲೆ ಒಣಗುತ್ತಿರುವ ದ್ರಾಕ್ಷಿ. ಅತ್ತೆ ಅದರ ನೆರಳಲ್ಲಿ ತಾಡಪತ್ರಿ, ಅಂದರೆ ಟಾರ್ಪಾಲಿನ ಮೇಲೆ ಕೂತು, ಒಣಗಿದ್ದರಲ್ಲಿ ಕಡ್ಡಿ ಆರಿಸುತ್ತಿದ್ದಳು. ನಾನು ಎದುರು ನಿಂತು ಎರಡು ಸಲ ಕೆಮ್ಮಿ, ಗುರ್ರೆನಿಸಿ, "ಏನಾತು, ಮನಿಗೆ ಬಾ," ಎಂದೆ.

ಅತ್ತೆ ನಕ್ಕಳು. ಸೆರಗು ಬಾಯಿಗೆ ಹಚ್ಚಿಕೊಂಡು ನಕ್ಕಳು. ನಕ್ಕು ಮುಗಿಸಿ, ಒಂದು ಹಿಡಿ ಒಣದ್ರಾಕ್ಷಿ ನನ್ನ ಕೈಗೆ ಹಾಕಿ, "ಇಲ್ಲ ಅಂತ ಹೇಳು," ಎಂದಳು.

"ಯಾಕಂತ ಹೇಳ್ಲಿ ಅತ್ತಿ?"

"ನೀ ಅಂಗಡ್ಯಾಗ ಆಡಿ ಬೆಳದಾವ. ಕೆಂಪ್ ಗುರತಿಂದು ಯಾತಕ್ಕ ಕೊಡತಾರ, ನೀನ ಹೇಳು."

"ಹುಳಾ ಸಾಯಾಕ."

"ನಿಮ್ಮ ಆಯಿಗೆ ಹಸರು. ತಮಗ ಬಿಳೇದು, ಅಂದ್ರ ವಿಷ ಅನ್ನೂದ ಇಲ್ಲ. ನನಗಷ್ಟ ಕೆಂಪು. ಕೀಲಿ ಕಪಾಟಿನ್ಯಾಗಿಂದು."

ಆಗ ನನಗೆ ಹೊಳೆಯಿತು. ಥೈಲ್ಯಾಂಡಿನ ಯಾವನೋ ವ್ಯಾಪಾರಿ ಹಚ್ಚಿದ ಚೀಟಿಯನ್ನು ಅತ್ತೆ ಬಬಲೇಶ್ವರದ ಅಂಗಡಿಯ ತ್ರಿಕೋನದ ಹಾಗೆ ಓದಿದ್ದಳು. ನನಗೆ ನಗು ತಡೆಯಲಾಗಲಿಲ್ಲ. ಅತ್ತೆ ಈ ಸಲ ನಗಲಿಲ್ಲ. ಹೀಗಾಗಿ ನಾನು ನಗುವನ್ನು ಒಣದ್ರಾಕ್ಷಿಯ ಜೊತೆ ನುಂಗಬೇಕಾಯಿತು, ಕೆಮ್ಮು ಬಂತು, ಅದೂ ಮಾವನ ಕೆಮ್ಮಿನ ಹಾಗೇ ಇತ್ತು.

ಹೊರಡುವಾಗ ಅತ್ತೆ, ಕಡ್ಡಿ ಆರಿಸುತ್ತಲೇ, "ಬಿ.ಪಿ. ಗುಳಗಿ ತಗೋಳಾಕತ್ತಾರಂತೇನು?" ಎಂದಳು.

"ಕೇಳತೀನಿ."

"ಕೇಳು. ನಾ ಕೇಳೀನಿ ಅಂತ ಹೇಳಬ್ಯಾಡ."

ಬಬಲೇಶ್ವರದಲ್ಲಿ ಮಾವನಿಗೆ ವಿಷಯ ಮುಟ್ಟಿಸಿದಾಗ ಅವರು ಯೂರಿಯಾ ಚೀಲದ ಮೇಲೆ ಕುಸಿದು ಕೂತರು. ದಿನಾ ಗಿರಾಕಿಗಳಿಗೆ ತ್ರಿಕೋನ ತೋರಿಸಿ ಭಾಷಣ ಬಿಗಿಯುವ ಮನುಷ್ಯ.

"ಯಪ್ಪಾ, ಅದು ನನ್ನ ತಲ್ಯಾಗ ಬರಲಿಲ್ಲ ನೋಡು. ಪ್ರವಾಸಕ್ಕ ಹೋದಾಗ ಅಂಗಡಿ ಯಾರ್ ನೆನಸತಾರ? ಅಲ್ಲಿ ಲೆಕ್ಕನ ಬ್ಯಾರೆ ಐತಿ. ನಮ್ಮ ಜೋಡಿ ಇದ್ದ ಗೈಡ್ ಹೇಳಿದಾ, ಬಿಳೇದು ಹುರುಪಿಗಂತ. ಕುಡದ್ರ ನಿದ್ದಿ ಹಾರಿ ಕೆಲಸ ಮಾಡತಾರ. ನನಗ ಮಧ್ಯಾಹ್ನ ಅಂಗಡ್ಯಾಗ ತೂಕಡಿಕಿ ಬರತೈತಲ್ಲ, ಅದಕ್ಕ ತಂದೆ. ಹಸರು ನಡುವಿಂದು, ಅತ್ತಾಗೂ ಅಲ್ಲ ಇತ್ತಾಗೂ ಅಲ್ಲ."

"ಮತ್ತ ಕೆಂಪು?"

ಮಾವ ಬಾಗಿಲ ಕಡೆ ನೋಡಿದರು. ಯಾರೂ ಇರಲಿಲ್ಲ. ಆದರೂ ದನಿ ತಗ್ಗಿಸಿದರು. "ಕೆಂಪು ಆರಾಮಕ್ಕ. ತಲಿ ತಣ್ಣಗ ಮಾಡತೈತಂತ. ಸಿಟ್ಟಿನ ಮಂದಿಗೆ ಚಲೋ ಅಂದಾ."

ನಾನು ಎದ್ದು ನಿಂತೆ. "ಮಾಮಾ, ಇದನ್ನ ಅತ್ತಿಗೆ ಹೇಳ್ಲೇನು?"

"ಹೇಳಬ್ಯಾಡ."

"ಹೇಳಲಿಲ್ಲಂದ್ರ ನೀವು ವಿಷಾ ಕೊಟ್ಟೀರಿ ಅಂತ ಆಗತೈತಿ."

ಮಾವ ಯೂರಿಯಾ ಚೀಲದ ಹೊಲಿಗೆಯ ದಾರ ಜಗ್ಗಿದರು. "ವಿಷಾ ಅಂತನ ಇರ್ಲಿ," ಎಂದರು. "ಅದನ್ನ ಒಂದಿನ ಮಾಫ್ ಮಾಡ್ತಾಳ. ಸಿಟ್ಟಿನಾಕಿ ಅಂದಿದ್ದು ಗೊತ್ತಾದ್ರ ಮಾಡಂಗಿಲ್ಲ."

ಆ ಹೊತ್ತಿಗೆ ಮೂರರಲ್ಲಿ ಎರಡು ಬಣ್ಣಗಳ ಪರೀಕ್ಷೆ ಮನೆಯಲ್ಲಿ ಆಗಲೇ ಮುಗಿದಿತ್ತು. ಹಸಿರು ಪುಡಿ ಕಂಡ ಆಯಿ, ಮಗ ಮೊಳಕಾಲಿಗೆ ಎಂದಿದ್ದನ್ನು ಮರೆತು, ಇದು ಮೆಹಂದಿ ಎಂದು ನೀರಲ್ಲಿ ಕಲಸಿ ತಲೆಗೆ ಹಚ್ಚಿಕೊಂಡಿದ್ದಳು. ಬಿಳಿ ಕೂದಲು ಬಿಳಿಯಾಗಿಯೇ ಉಳಿಯಿತು. ಮನೆ ಮಾತ್ರ ದನದ ಮೇವಿನ ವಾಸನೆ ಹೊಡೆಯಿತು. ಮಾವ ಹುರುಪಿನ ಬಿಳಿಯದನ್ನು ಅರ್ಧ ಚಮಚ ನೀರಲ್ಲಿ ಕದಡಿ ಕುಡಿದಿದ್ದರು. ಬೇವಿಗಿಂತ ಕಹಿಯಂತೆ. ಹಿತ್ತಲಿಗೆ ಹೋಗಿ ವಾಂತಿ ಮಾಡಿಕೊಂಡು ಬಂದು, ಅದೇ ಯೂರಿಯಾ ಚೀಲದ ಮೇಲೆ ಎಂದಿನ ವೇಳೆಗೆ ಎಂದಿಗಿಂತ ಗಟ್ಟಿಯಾಗಿ ಗೊರಕೆ ಹೊಡೆದರು.

"ಇನ್ನೊಂದ ವಿಚಿತ್ರ ನೋಡು," ಎಂದು ಮಾವ ಬಿಳಿ ಪೊಟ್ಟಣವನ್ನೂ ಆಯಿ ಉಳಿಸಿದ್ದ ಹಸಿರನ್ನೂ ಒಂದು ತಾಟಿನಲ್ಲಿ ಅಕ್ಕಪಕ್ಕ ಸುರುವಿ ತೋರಿಸಿದರು. "ಬಿಳೇದು ಬಿಳೇದಿಲ್ಲ. ಇದೂ ಹಸರ ಐತಿ."

ನಿಜ. ಎರಡೂ ಹಸಿರೇ. ಒಂದು ಎಳೆಯಷ್ಟು ತಿಳಿ ಇತ್ತು, ಅದೂ ಬಿಸಿಲಿಗೆ ಹಿಡಿದು ನೋಡಿದರೆ. ಮಾವ ಒಂದರಲ್ಲಿ ಬೆರಳಿಟ್ಟು ಇನ್ನೊಂದರ ಜೊತೆ ಹೋಲಿಸುವಷ್ಟರಲ್ಲಿ ಕೆಮ್ಮು ಬಂತು, ಪುಡಿ ಹಾರಿ ಎರಡೂ ಬೆರೆತವು. ಆಮೇಲೆ ಯಾವುದು ಯಾವುದೆಂದು ಯಾರಿಗೂ ಗೊತ್ತಾಗದೆ ಎರಡನ್ನೂ ಕೂಡಿಸಿ ಒಂದೇ ಪೊಟ್ಟಣಕ್ಕೆ ತುಂಬಿದೆವು.

ಅತ್ತೆಯ 'ಇಲ್ಲ'ವನ್ನು ಅವಳ ಧ್ವನಿಯಲ್ಲೇ ಕೇಳಬೇಕೆಂದು ಮಾವ ಹಟ ಹಿಡಿದರು. ಹೇಳಿದೆ. ಇನ್ನೊಮ್ಮೆ ಅನ್ನು ಎಂದರು. ಅಂದೆ. ಕಣ್ಣು ಮುಚ್ಚಿಕೊಂಡು, ದೂರದ ರೇಡಿಯೊ ಕೇಳುವವರ ಹಾಗೆ ಕಿವಿ ಮುಂದೆ ಮಾಡಿ ಕೇಳಿದರು.

"ಇದು ನೀಲಿ 'ಇಲ್ಲ'," ಎಂದು ತೀರ್ಮಾನ ಕೊಟ್ಟರು. "ಕೆಂಪ ಅಲ್ಲ. ಇನ್ನೂ ಆಸೆ ಐತಿ."

ಮುಂದೆ ಅದೇ ನಡೆಯಿತು. ರಜೆ ಸಿಕ್ಕಾಗಲೆಲ್ಲ ಒಂದು ಸಲ ತಿಕೋಟಾದ ಬಸ್ಸು, ಒಂದು ಸಲ ಬಬಲೇಶ್ವರದ ಬಸ್ಸು. ಅಲ್ಲಿ ಕೆಮ್ಮುವುದು, ಇಲ್ಲಿ ಸಪಾಟಾಗುವುದು. ಒಂದು ದಿನ ಬಬಲೇಶ್ವರದ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಅತ್ತೆಯ 'ಇಲ್ಲ'ವನ್ನು ರೂಢಿ ಮಾಡಿಕೊಳ್ಳುತ್ತಿದ್ದೆ. ಪಕ್ಕದಲ್ಲಿ ಮಮದಾಪುರಕ್ಕೆ ಹೊರಟ ಮುದುಕಿಯೊಬ್ಬಳು ಬಹಳ ಹೊತ್ತು ಕೇಳಿಸಿಕೊಂಡು, "ಯಪ್ಪಾ, ಮನ್ಯಾಗ ಹೇಂತಿ ಹಿಂಗ ಅಂತಾಳೇನೋ?" ಎಂದು ಕನಿಕರಿಸಿದಳು.

"ನಂದಿನ್ನೂ ಲಗ್ನ ಆಗಿಲ್ಲ ಬೇ."

"ಹಂಗಾದ್ರ ಈಗಿಂದನ ರೂಢಿ ಮಾಡಿಕೊಳ್ಳಾಕತ್ತಿ. ಚಲೋ ಆತು," ಎಂದಳು.

ಈ ಓಡಾಟದಲ್ಲಿ ಅತ್ತೆಗೆ ಊಟದ ರುಚಿ ಹೋಗಿತ್ತು, ಮಾವನಿಗೆ ಊಟವೇ ಹೋಗಿತ್ತು. ಆಯಿಗೆ ಮೊಳಕಾಲು, ಮಾವನಿಗೆ ರೊಟ್ಟಿ ಬಡಿಯಲು ಬಾರದು. ಅವರು ಒಂದು ಸಲ ಬಡಿದ ರೊಟ್ಟಿಯನ್ನು ನಾನು ಕಂಡಿದ್ದೇನೆ. ಅದು ಜಿಲ್ಲೆಯ ನಕ್ಷೆಯ ಹಾಗಿತ್ತು; ಮಹಾರಾಷ್ಟ್ರದ ಗಡಿ, ಗಡಿಯ ಮೇಲಿನ ಊರು ಕನಮಡಿ ಎಲ್ಲ ಗುರುತು ಹಿಡಿಯಬಹುದಿತ್ತು. ಖಾನಾವಳಿಯ ಡಬ್ಬಿ ಬರುತ್ತಿತ್ತು. ಮಾವ ಅದನ್ನು ಮುಂದಿಟ್ಟುಕೊಂಡು, "ಲೇ, 'ಉಣ್ರಿ' ಅನ್ನು," ಎನ್ನುತ್ತಿದ್ದರು. ನಾನು ಅತ್ತೆಯ ಧ್ವನಿಯಲ್ಲಿ 'ಉಣ್ರಿ' ಎಂದರೆ ಕೈ ತೊಳೆದು ಉಣ್ಣಲು ಕೂಡುತ್ತಿದ್ದರು. ನಗುವ ಮಾತೇ ಅದು. ಆದರೆ ಒಂದು ದಿನ ನನಗೆ ನಗು ಬರಲಿಲ್ಲ. ಹೆಂಡತಿಯ ಧ್ವನಿಗೆ ಮೊಬೈಲ್ ಕವರ್ ಮಾರುವವನನ್ನು ನಂಬಿ ಒಬ್ಬ ಮನುಷ್ಯ ಎಷ್ಟು ದಿನ ಉಣ್ಣುತ್ತಾನೆ? ಅತ್ತೆ ಈಗ ಬರದೆ ಹೋದರೆ ಅದೇ ರೂಢಿಯಾಗಿ, ಮಳೆಗಾಲ ಬಂದು, ಇಬ್ಬರಿಗೂ ಸೋಲುವುದು ಇನ್ನೂ ಕಷ್ಟವಾಗುತ್ತದೆ ಅನಿಸಿತು.

ಹೀಗಾಗಿ ನಾನು ವಿಷವೂ ಅಲ್ಲದ, ಸಿಟ್ಟೂ ಅಲ್ಲದ ಮೂರನೆಯ ದಾರಿ ಹುಡುಕಿದೆ. ಫೋನಿನಲ್ಲಿ ಕ್ರಾಟಂ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಮಾರುವವರ ಪ್ರಕಾರ ಬಣ್ಣ ಎಂದರೆ ಎಲೆಯ ನಡುವೆ ಹಾಯ್ದ ನರದ ಬಣ್ಣ. ನರ ಕೆಂಪಿದ್ದರೆ ಕೆಂಪು, ಬೆಳ್ಳಗಿದ್ದರೆ ಬಿಳಿ. ಉಳಿದವರು ಹೇಳುವುದು ಬೇರೆ. ಒಂದೇ ಗಿಡದ ಎಲೆಯ ನರವೂ ಎಳೆಯದಿದ್ದಾಗ ಒಂದು ಬಣ್ಣ, ಬಲಿತಾಗ ಇನ್ನೊಂದು. ಪೊಟ್ಟಣದ ಮೇಲಿನ ಹೆಸರು ಬಹಳ ಸಲ ಒಣಗಿಸಿದ ರೀತಿಯದು: ಒಳಗೆ ನೆರಳಿನಲ್ಲಿ ಒಣಗಿಸಿದರೆ ಬಿಳಿ, ಬಿಸಿಲಿಗೆ ಹಾಕಿದರೆ ಅಥವಾ ಚೀಲದಲ್ಲಿ ಕಟ್ಟಿ ಕಾವು ಕೊಟ್ಟರೆ ಕೆಂಪು, ಒಂದಿಷ್ಟು ಅದು ಒಂದಿಷ್ಟು ಇದು ಮಾಡಿದರೆ ಹಸಿರು. ಯಾವ ಬಣ್ಣದ್ದಾದರೂ ಒಳಗಿನ ಸತ್ವ ಹೆಚ್ಚುಕಡಿಮೆ ಅದೇ. ಕೆಂಪಿಗೆ ಆರಾಮ, ಬಿಳಿಗೆ ಹುರುಪು ಎಂಬುದು ಹೆಚ್ಚಾಗಿ ಮಾರುವವರ ಬಾಯಿಮಾತು. ಇನ್ನೂ ಓದಿದೆ. ಚಟ ಹತ್ತುತ್ತದೆ, ಹೊಟ್ಟೆ ತೊಳಸುತ್ತದೆ, ಕೆಲವರ ಯಕೃತ್ತು ಕೆಡುತ್ತದೆ, ಬೇರೆ ಗುಳಿಗೆಗಳ ಜೊತೆ ಕೂಡಿದರೆ ಅಪಾಯ ಎಂದೆಲ್ಲ ಇತ್ತು. ಆ ಭಾಗವನ್ನು ನಾನು ಅವತ್ತು ಅಷ್ಟು ಮನಸ್ಸಿಟ್ಟು ಓದಲಿಲ್ಲ. ನನಗೆ ಬೇಕಾದದ್ದು ಒಣಗಿಸುವ ಸಂಗತಿ.

ಯಾಕೆಂದರೆ ಒಣಗಿಸುವುದರಲ್ಲಿ ಅತ್ತೆಯ ತವರನ್ನು ಮೀರಿಸುವವರಿಲ್ಲ. ತಾಡಪತ್ರಿಯ ಮೇಲೆ ಅವಳ ಮುಂದೆ ಕೂತು, ಶೆಡ್ಡಿನ ಒಣದ್ರಾಕ್ಷಿಯನ್ನೇ ತೋರಿಸಿದೆ.

"ಅತ್ತಿ, ಈ ಹಸರು ಹೆಂಗಾತು?"

"ನೆರಳಾಗ ಒಣಗಿಸಿದ್ದು."

"ಆ ಹಳದಿ?"

"ಗಂಧಕದ ಹೊಗಿ ಕೊಟ್ಟಿದ್ದು."

"ಅಲ್ಲಿ ಮೂಲ್ಯಾಗಿಂದು, ಕರ್ರಗಿಂದು?"

"ಬಿಸಲಿಗೆ ಬಿದ್ದಿದ್ದು. ಬಳ್ಳಿ ಒಂದ. ನೀ ಈಗ ನನಗ ಸಾಲಿ ಕಲಿಸಾಕ ಬಂದೀಯೇನು?"

"ಆ ಪುಡೀನೂ ಹಂಗ ಅತ್ತಿ. ಎಲಿ ಒಂದ, ಒಣಗಿಸೋದು ಬ್ಯಾರೆ. ಅಲ್ಲಿ ಕೆಂಪಿಗೂ ನಮ್ಮ ಅಂಗಡಿ ಕೆಂಪಿಗೂ ಸಂಬಂಧನ ಇಲ್ಲ."

ಅತ್ತೆ ಎದ್ದು ಹೋಗಿ ಕೆಂಪು ಪೊಟ್ಟಣ ತಂದಳು. ಬಾಯಿ ಬಿಚ್ಚಿ ಮೂಸಿದಳು. ಒಂದು ಚಿಟಿಕೆಯನ್ನು ಅಂಗೈಯಲ್ಲಿ ತಿಕ್ಕಿ, ಬೆಳಕಿಗೆ ಹಿಡಿದಳು. ಸ್ವಲ್ಪ ಕಂದಿದ ಹಸಿರು, ಅಷ್ಟೇ. ಮುಖ ಸಡಿಲಾಯಿತು. ನಾನು ಗೆದ್ದೆ ಎಂದುಕೊಂಡೆ. ನನ್ನ ತೊಂದರೆಯೇ ಇದು. ಗೆದ್ದೆ ಅನಿಸಿದ ಕೂಡಲೇ ಬಾಯಿ ನಿಲ್ಲುವುದಿಲ್ಲ.

"ಹಂಗಾದ್ರ ಕೆಂಪು ಅಂತ ಬ್ಯಾರೆ ಯಾಕ ಮಾರತಾರ?" ಎಂದಳು ಅತ್ತೆ.

"ಅದು ಬರೇ ವ್ಯಾಪಾರದ ಮಾತು. ಕೆಂಪು ತಲಿ ತಣ್ಣಗ ಮಾಡತೈತಿ ಅಂತ ಹೇಳಿ..."

ನಿಲ್ಲಿಸಿದೆ. ತಡವಾಗಿತ್ತು.

"ಯಾರ ತಲಿ?" ಎಂದಳು ಅತ್ತೆ.

ನಾನು ತಾಡಪತ್ರಿಯ ಮೇಲಿನ ಕಡ್ಡಿ ಆರಿಸತೊಡಗಿದೆ. ಅತ್ತೆ ಪೊಟ್ಟಣದ ಬಾಯಿ ಮಡಚಿದಳು. "ನಿಮ್ಮ ಮಾಮಾಗ ಹೇಳು. ಇಲ್ಲಿ ಬಂದು, ನನ್ನ ಮುಂದ ಕುಂತು, ಇದನ್ನ ತಾವ ಕುಡದು ತೋರಸಲಿ. ತಣ್ಣಗ ಆಗತಾರೋ ಹೆಂಗ ನೋಡೂನು. ಆಮ್ಯಾಲ ನಾ ಬರೂದು ಬಿಡೂದು."

ಇದನ್ನು ಮಾವನ ಮುಂದೆ ಅತ್ತೆಯ ಧ್ವನಿಯಲ್ಲಿ ಹೇಳಿದಾಗ ಅವರು ಬಣ್ಣದ ಲೆಕ್ಕ ಹಾಕಲಿಲ್ಲ. ಸುಮ್ಮನೆ ಅಂಗಡಿ ಮುಚ್ಚಿ ಶರ್ಟು ಬದಲಿಸಿದರು.

ತಿಕೋಟಾದ ಶೆಡ್ಡಿನಲ್ಲಿ ಇಬ್ಬರೂ ಎದುರುಬದುರು ಕೂತರು. ನಡುವೆ ನಾನು. ನಡುವೆ ಎಂದರೆ ಕೈ ಚಾಚಿದರೆ ಒಬ್ಬರಿಗೊಬ್ಬರು ಸಿಗುವಷ್ಟೇ ಜಾಗದ ನಡುವೆ. ಆದರೂ ಮಾತು ನನ್ನ ಮೂಲಕವೇ.

"ಆರಾಮದಾಳೇನು ಕೇಳು," ಎಂದರು ಮಾವ.

"ಆರಾಮದೀನಿ ಅಂತ ಹೇಳು. ಸೊರಗ್ಯಾರ ಅಂತ ಹೇಳು."

"ಖಾನಾವಳಿ ಊಟ ಅಂತ ಹೇಳು."

ಇಬ್ಬರ ಮಾತೂ ಇಬ್ಬರಿಗೂ ಕೇಳಿಸುತ್ತಿತ್ತು. ಆದರೂ ಯಾರಾದರೂ ಮಾತಾಡಿದ ಮೇಲೆ ಇನ್ನೊಬ್ಬರು ನನ್ನ ಮುಖ ನೋಡುತ್ತಿದ್ದರು, ನಾನು ಕೆಮ್ಮಿಯೋ ಸಪಾಟಾಗಿಯೋ ಅದನ್ನೇ ತಿರುಗಿ ಹೇಳುವವರೆಗೆ. ಅತ್ತೆಯ ಅಣ್ಣ ಬಲೆಯ ಆಚೆ ನಿಂತು ನೋಡಿ, ತಲೆ ಕೆರೆದುಕೊಂಡು ಹೋದ.

ಮಾವ ಸ್ಟೀಲು ಲೋಟದಲ್ಲಿ ನೀರು ತರಿಸಿದರು. ಕೆಂಪು ಪೊಟ್ಟಣದಿಂದ ಒಂದು ಚಮಚ, ಅತ್ತೆ ನೋಡುತ್ತಿದ್ದಾಳೆಂದು ಇನ್ನೊಂದು ಚಮಚ ಹಾಕಿ ಕದಡಿದರು. ನೀರು ಕೆರೆಯ ಪಾಚಿಯ ಹಾಗಾಯಿತು. ಮಾವ ಚಮಚವನ್ನು ಧೋತರದ ಅಂಚಿಗೆ ಎರಡು ಸಲ ಒರೆಸಿದರು. ಕೆಂಪು ಗುರುತಿನದನ್ನು ಬಾಯಿಯ ಹತ್ತಿರ ತರಬಾರದು ಎಂದು ಜನ್ಮವಿಡೀ ಜನರಿಗೆ ಹೇಳಿದ ಮನುಷ್ಯ ಅವರು.

"ಹೇಳು ನಿಮ್ಮತ್ತಿಗೆ," ಎಂದರು. "ನಾ ತಂದಿದ್ದು ತಪ್ಪು. ಅಕಿ ತಲಿ ಹೆಂಗೈತೋ ಹಂಗ ಇರ್ಲಿ. ಮನಿಗೆ ಬಂದ್ರ ಸಾಕು." ಲೋಟ ಎತ್ತಿದರು.

ಆಗ ನನಗೆ ಫೋನಿನಲ್ಲಿ ಓದಿದ ಆ ಉಳಿದ ಭಾಗ ನೆನಪಾಯಿತು. ಗುಳಿಗೆಯ ಜೊತೆ ಕೂಡಿದರೆ ಅಪಾಯ ಎಂದಿತ್ತಲ್ಲ, ಅದು. "ಮಾಮಾ, ಕುಡಿಬ್ಯಾಡ್ರಿ," ಎಂದೆ.

ಇಬ್ಬರೂ ನನ್ನನ್ನು ನೋಡಿದರು.

"ಇದು ಯಾರ ಧ್ವನಿ?" ಎಂದರು ಮಾವ.

"ನಂದ ಮಾಮಾ."

"ಕೇಳಿಲ್ಲಲ್ಲ ಯಾವತ್ತೂ," ಎಂದು ಮತ್ತೆ ಲೋಟ ಬಾಯಿಗೆ ತಂದರು.

"ಅರ್ಧ ಚಮಚ ಬಿಳೇದಕ್ಕ ವಾಂತಿ ಮಾಡ್ಕೊಂಡೀರಿ. ಮುಂಜಾನಿ ಬಿ.ಪಿ. ಗುಳಗಿ ತಗೊಂಡೀರಿ. ಇದು ಗುಳಗಿ ಜೋಡಿ ಕೂಡಬಾರದಂತ, ಓದೇನಿ ನಾ. ಚಾಷ್ಟಿ ಮಾಡಾಕತ್ತಿಲ್ಲ."

"ಲೋಟ ಕೆಳಗಿಡ್ರಿ."

ಸಪಾಟು ದನಿ. ಏರಿಳಿತವಿಲ್ಲ. ಆಮೇಲೆ ಒಂದು ಗಳಿಗೆ ಮೌನ.

ಮಾವ ಲೋಟ ಇಡಲಿಲ್ಲ. ನನ್ನ ಕಡೆ ತಿರುಗಿ ಕಣ್ಣು ಕೆಂಪು ಮಾಡಿದರು. "ಲೇ, ಎಂಥಾ ವ್ಯಾಳ್ಯಾದಾಗ ಅಕಿ ಧ್ವನಿ ಮಾಡತೀಯೋ ಮಂಗ್ಯಾ?"

"ನಾ ಅಲ್ಲ ಮಾಮಾ."

"ನೀನ. ಆ ಕೊನಿಗೆ ಸುಮ್ನಿರೋದು ಸೈತ ಹಂಗ ಮಾಡಿ."

ನಾನು ಎರಡೂ ಕೈಯಿಂದ ನನ್ನ ಬಾಯಿ ಮುಚ್ಚಿಕೊಂಡೆ. ನಾನು ಚೆನ್ನಾಗಿ ಕಲಿತದ್ದು ಇಷ್ಟು ಕೆಟ್ಟ ಹೊತ್ತಿನಲ್ಲಿ ಅಡ್ಡ ಬರುತ್ತದೆ ಎಂದು ಯಾರಿಗೆ ಗೊತ್ತಿತ್ತು? ಮಾವ ನನ್ನ ಮುಚ್ಚಿದ ಬಾಯಿ ನೋಡಿದರು, ಅನುಮಾನ ಪೂರ್ತಿ ಹೋಗಲಿಲ್ಲ, ಮೂಗಿನಿಂದ ಮಾಡುತ್ತಿರಬಹುದು ಎನ್ನುವ ಹಾಗೆ ಮೂಗನ್ನೂ ನೋಡಿದರು.

"ಅಂವ ಅಲ್ಲ, ನಾ," ಎಂದಳು ಅತ್ತೆ. "ಲೋಟ ಕೆಳಗಿಡ್ರಿ ಅಂದೆ. ಗುಳಗಿ ತಗೊಂಡ ಮ್ಯಾಲ ಇದನ್ನ ಕುಡಿಯಾಕ ಕುಂತೀರಲ್ಲ, ಅಂಗಡ್ಯಾಗ ಮಂದಿಗೆ ಬುದ್ಧಿ ಹೇಳತೀರಿ, ನಿಮಗ ಇಲ್ಲೇನು? ಬಿಳೇದು ಯಾವಾಗ ಕುಡದ್ರಿ? ವಾಂತಿ ಆಗಿದ್ದು ನನಗ್ಯಾಕ ಹೇಳಲಿಲ್ಲ? ಖಾನಾವಳ್ಯಾಗ ಉಪ್ಪು ಕಡಿಮಿ ಹಾಕಂತ ಹೇಳೀರೋ ಇಲ್ಲೋ? ಮತ್ತ ಆ ಚಡ್ಡಿ ಎಲ್ಲಿ ಐತಿ, ಅದನ್ನ ಹಾಕ್ಕೊಂಡು ಅಂಗಡ್ಯಾಗ ಕುಂತಿದ್ರಿ ಅಂತ ಕೇಳೀನಿ."

ಮಾವ ಅಷ್ಟು ಕೇಳಿದ ಮೇಲೆ ನಂಬಿದರು. ನನಗೆ ಇಷ್ಟು ಉದ್ದ ಮಾಡಲು ಬರುವುದಿಲ್ಲ ಎಂದು ಅವರಿಗೆ ಗೊತ್ತು. ಲೋಟ ಕೆಳಗಿಟ್ಟರು. ಇನ್ನೂ ಸ್ವಲ್ಪ ಬೈ ಎನ್ನುವ ಹಾಗೆ ಮುಖ ಮಾಡಿಕೊಂಡು ಕೂತರು. ಅವಳೂ ಬಾಕಿ ಇಡಲಿಲ್ಲ.

ಸಂಜೆಗೆ ಮುಂಚೆ ಮೂವರೂ ಶೆಡ್ಡಿನ ಹಿಂದೆ ಹೋದೆವು. ಕೆಂಪು ಗುರುತಿನ ಖಾಲಿ ಡಬ್ಬಿಯನ್ನು ಏನು ಮಾಡಬೇಕೆಂದು ಮಾವ ಗಿರಾಕಿಗಳಿಗೆ ಹೇಳುತ್ತಾರೋ ಅದನ್ನೇ ಮಾಡಿದರು: ಬಾವಿಯಿಂದ ದೂರ, ದನ ಮೇಯದ ಕಡೆ ತಗ್ಗು ತೋಡಿ, ಲೋಟದಲ್ಲಿದ್ದದ್ದು, ಕೆಂಪು ಪೊಟ್ಟಣ, ಕಿಸೆಯಲ್ಲಿ ತಂದಿದ್ದ ಬಿಳಿ ಹಸಿರಿನ ಕಲಬೆರಕೆ, ಎಲ್ಲವನ್ನೂ ಹಾಕಿ ಮಣ್ಣು ಮುಚ್ಚಿದರು. ತಗ್ಗಿನಲ್ಲಿ ಮೂರೂ ಒಂದೇ ಹಸಿರಾಗಿ ಬಿದ್ದಿದ್ದವು. ಅತ್ತೆ ಮೇಲೊಂದು ಕಲ್ಲು ಇಟ್ಟಳು.

ವಿಜಯಪುರದ ಬಸ್ಸಿನಲ್ಲಿ ಅವರಿಬ್ಬರೂ ಮುಂದಿನ ಸೀಟಿನಲ್ಲಿ, ನಾನು ಹಿಂದೆ. ಅತ್ತೆಯ ಮಡಿಲಲ್ಲಿ ಒಣದ್ರಾಕ್ಷಿಯ ಚೀಲ. ಮೂರೂ ಬಣ್ಣದ್ದು ಕೂಡಿಸಿ ತುಂಬಿಸಿದ್ದಳು. ಇಷ್ಟು ದಿನ ಕೂಡಿಟ್ಟಿದ್ದನ್ನೆಲ್ಲ ಅತ್ತೆ ಒಂದೊಂದಾಗಿ ಹೇಳುತ್ತಿದ್ದಳು, ಮಾವ ಹೂಂ ಎನ್ನುತ್ತಿದ್ದರು. ನನ್ನನ್ನು ಯಾರೂ ಏನೂ ಕೇಳಲಿಲ್ಲ. ಗೋಳಗುಮ್ಮಟ ಕಾಣಿಸುವ ಹೊತ್ತಿಗೆ ಅತ್ತೆ ಚಡ್ಡಿಯ ವಿಷಯಕ್ಕೆ ಎರಡನೆಯ ಸಲ ಬಂದಿದ್ದಳು. ಮಾವ ಮೆಲ್ಲಗೆ ಹಿಂದೆ ವಾಲಿ ನನ್ನ ಕಿವಿಯ ಹತ್ತಿರ ಕೆಮ್ಮಿದರು.

"ಲೇ, ಆ ಕೆಂಪು ಒಂದ ಚಿಟಿಕಿ ಉಳದೈತೇನು?"

"ಕೇಳಸ್ತು," ಎಂದಳು ಅತ್ತೆ, ಮುಂದೆ ನೋಡುತ್ತಲೇ. ಆಮೇಲೆ ಸುಮ್ಮನಾದಳು. ಬಸ್ ಸ್ಟ್ಯಾಂಡಿನ ತನಕ ಮಾವ ಆ ಸುಮ್ಮನಿರುವಿಕೆಯ ಬಣ್ಣ ಯಾವುದೆಂದು ಲೆಕ್ಕ ಹಾಕುತ್ತ ಕೂತರು.